ನಾಲ್ಕು ಊರಿನ ಖಾರ

ಹಾಸನದ ಒಂದೇ ಮನೆಯಲ್ಲಿ ಬೆಳೆದ ನಾವು ಐದು ಜನ ಒಡಹುಟ್ಟಿದವರು ಈಗ ನಾಲ್ಕು ಊರುಗಳಲ್ಲಿದ್ದೇವೆ. ಬಡೀ ಆಪಾ ಹೊಳೆನರಸೀಪುರಕ್ಕೆ, ಮಂಜ್ಲಿ ಆಪಾ ಅರಕಲಗೂಡಿಗೆ, ಛೋಟಿ ಆಪಾ ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋದರು. ಭಾಯಿ ಮತ್ತು ಎಲ್ಲರಿಗಿಂತ ಕಿರಿಯವನಾದ ಛೋಟು ಅಮ್ಮಿಯ ಜೊತೆ ಹಾಸನದಲ್ಲೇ ಉಳಿದರು. ಹಾಸನದಿಂದ ಈ ಮೂರು ಊರುಗಳಿಗೂ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಆದರೆ ಈದ್‌ಗೆ ಎಲ್ಲರೂ ಸೇರಿ ದಸ್ತರ್‌ಖಾನ್ ಹಾಸಿ ಕುಳಿತಾಗ ನೋಡಬೇಕು, ನಾವು ಒಂದೇ ತಾಯಿಯ ಮಕ್ಕಳೇ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಒಬ್ಬೊಬ್ಬರ ಚೀಲದಿಂದ ಒಂದೊಂದು ಡಬ್ಬಿ ಹೊರಬರುತ್ತದೆ. ಒಂದೊಂದು ಡಬ್ಬಿಯಲ್ಲೂ ಒಂದೊಂದು ಬಣ್ಣದ ಖಾರ. ನನ್ನದನ್ನು ಹಾಕಿಕೋ, ಅದನ್ನು ಆಮೇಲೆ ನೋಡುವಿಯಂತೆ ಎಂಬ ಪೈಪೋಟಿ ಬಿರಿಯಾನಿ ಬರುವ ಮೊದಲೇ ಶುರುವಾಗಿರುತ್ತದೆ.

ನಮ್ಮ ಕಡೆ ಖಾರ ಎಂದರೆ ನಾಲಿಗೆಗೆ ಹತ್ತುವ ರುಚಿಯ ಹೆಸರು ಮಾತ್ರವಲ್ಲ. ಸಾರಿಗೆ ಅರೆದುಕೊಳ್ಳುವ ಮಸಾಲೆಯೂ ಖಾರವೇ, ರೊಟ್ಟಿಯ ಅಂಚಿಗೆ ಹಚ್ಚಿಕೊಳ್ಳುವ ಚಟ್ನಿಯೂ ಖಾರವೇ. ಇವತ್ತು ಖಾರ ಏನು ಅರೆದೆ ಎಂದು ನೆರೆಮನೆಯವರು ಕೇಳಿದರೆ ಏನು ಅಡುಗೆ ಮಾಡಿದೆ ಎಂದೇ ಅರ್ಥ. ಈ ಬರಹ ರೊಟ್ಟಿಯ ಅಂಚಿನ ಖಾರವನ್ನು ಕುರಿತದ್ದು. ಅದರಲ್ಲಿ ನಮಗಿರುವ ಹಟವನ್ನು, ಆ ಹಟ ನಮಗೆ ಒಮ್ಮೆ ಕೊಟ್ಟ ಪೆಟ್ಟನ್ನು ಹೇಳಿಕೊಳ್ಳಬೇಕೆಂದು ಐವರೂ ಸೇರಿ ತೀರ್ಮಾನಿಸಿದೆವು. ಬರೆಯಿರಿ ಎಂದು ಮೊದಲು ಹೇಳಿದವನು ಛೋಟು.

ಮೊದಲು ಅಮ್ಮಿಯದು. ಅಮ್ಮಿಯ ಖಾರ ಕೆಂಪು. ಒಣಮೆಣಸಿನಕಾಯಿಯನ್ನು ತೊಟ್ಟು ತೆಗೆದು ಬಿಸಿನೀರಿನಲ್ಲಿ ನೆನೆಹಾಕಿ, ಬೆಳ್ಳುಳ್ಳಿ, ಉಪ್ಪು, ಒಂದು ಚೂರು ಹುಣಸೆಹಣ್ಣು ಸೇರಿಸಿ ಸಿಲ್ ಮೇಲೆ ಅರೆಯುತ್ತಾರೆ. ಕಡೆಗೆ ಕಾಯಿಸಿದ ಎಣ್ಣೆಯನ್ನು ಮೇಲೆ ಸುರಿದಾಗ ಚುರ್ರೆಂದು ಏಳುವ ಘಾಟಿಗೆ ಬೀದಿಯಲ್ಲಿ ಹೋಗುವವರೂ ಸೀನಬೇಕು. ಮಿಕ್ಸಿಯಲ್ಲಿ ಅರೆದರೆ ಖಾರ ಬಿಸಿಯಾಗಿ ಕೆಡುತ್ತದೆ ಎಂಬುದು ಅವರ ವಾದ. ಮೆಣಸಿನಕಾಯಿ ಕೊಳ್ಳುವಾಗ ಅವರ ಲೆಕ್ಕ ಗಟ್ಟಿ: ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. ಎರಡು ಪಾಲು ಅದು, ಒಂದು ಪಾಲು ಇದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸುಕ್ಕುಸುಕ್ಕಾದ ಆ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ ಎಂದು ಭಾಯಿ ಓದಿ ಹೇಳಿದಾಗ ಅಮ್ಮಿ ನಂಬಲಿಲ್ಲ. ತುಟಿ ಉರಿಯುವುದಿಲ್ಲವೇ ಎಂಬುದು ಅವರ ಪ್ರಶ್ನೆ.

ಬಡೀ ಆಪಾಳ ಖಾರ ಹಸಿರು. ಹೊಳೆನರಸೀಪುರದ ಪಕ್ಕದಲ್ಲೇ ಹೇಮಾವತಿ ಹರಿಯುತ್ತಾಳೆ. ನೀರಾವರಿಯ ಊರು, ವರ್ಷದ ಬಹುಪಾಲು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೈಗೆ ಸಿಗುತ್ತವೆ. ಅವಳ ಅತ್ತೆ ಒಲೆಯ ಕೆಂಡದ ಮೇಲೆ ಹಸಿಮೆಣಸಿನಕಾಯಿಯನ್ನು ಕಪ್ಪು ಮಚ್ಚೆ ಏಳುವವರೆಗೆ ಸುಟ್ಟು, ಬೆಳ್ಳುಳ್ಳಿ, ಸೊಪ್ಪು, ಕಲ್ಲುಪ್ಪು ಹಾಕಿ ಕುಟ್ಟಿ, ಮೇಲೆ ನಿಂಬೆಹಣ್ಣು ಹಿಂಡುತ್ತಿದ್ದರು. ಈಗ ಗ್ಯಾಸಿನ ಮೇಲೆ ಬಾಣಲೆಯಲ್ಲಿ ಹುರಿಯುವುದಾದರೂ ಬಡೀ ಆಪಾ ಕುಟ್ಟುವುದನ್ನು ಬಿಟ್ಟಿಲ್ಲ. ಖಾರ ನುಣ್ಣಗಾದರೆ ಅದು ಖಾರವೇ ಅಲ್ಲ, ಹಲ್ಲಿಗೆ ಸಿಗಬೇಕು ಎನ್ನುತ್ತಾಳೆ. ಮುದ್ದೆಯ ಜೊತೆ ಇದನ್ನು ನಂಜಿಕೊಂಡವರು ಸಾರನ್ನು ಮರೆಯುತ್ತಾರೆ.

ಮಂಜ್ಲಿ ಆಪಾಳ ಅರಕಲಗೂಡು ಮಲೆನಾಡಿನ ಅಂಚು. ಆಚೆ ಕೊಡಗು ತಗುಲಿಕೊಂಡಿದೆ. ರಾಮನಾಥಪುರದ ಕಡೆ ತಂಬಾಕಿನ ಹೊಲಗಳು, ಅದನ್ನು ಬೇಯಿಸುವ ಬ್ಯಾರನ್‌ಗಳು. ಅಲ್ಲಿನ ಹಿತ್ತಲುಗಳಲ್ಲಿ ಯಾರೂ ಬಿತ್ತದೆ ಜೀರಿಗೆ ಮೆಣಸಿನಕಾಯಿಯ ಗಿಡ ಏಳುತ್ತದೆ. ಸೂಜಿ ಮೆಣಸು ಎಂದೂ ಕರೆಯುತ್ತಾರೆ. ಬೆರಳಿನ ಉಗುರಿನಷ್ಟು ಉದ್ದದ ಈ ಕಾಯಿಯನ್ನು ಬಿತ್ತುವುದು ಹಕ್ಕಿಗಳು. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲ. ಹಣ್ಣನ್ನು ನುಂಗಿ ಬೀಜವನ್ನು ಬೇಲಿಯ ಬದಿಯಲ್ಲಿ ಹಾಕಿ ಹೋಗುತ್ತವೆ. ಮಂಜ್ಲಿ ಆಪಾ ಈ ಕಾಯಿಗಳನ್ನು ಉಪ್ಪಿನ ಜೊತೆ ಭರಣಿಗೆ ತುಂಬಿ ಮುಳುಗುವಷ್ಟು ವಿನೆಗರ್ ಹುಯ್ಯುತ್ತಾಳೆ. ಕೊಡಗಿನ ಗೆಳತಿ ಯಾರಾದರೂ ಕಾಚಂಪುಳಿ ಕೊಟ್ಟರೆ ಅದರ ಎರಡು ಹನಿಯೂ ಬೀಳುತ್ತದೆ. ತಿಂಗಳು ಕಳೆದ ಮೇಲೆ ಕಾಯಿಗಿಂತ ಆ ಹುಳಿನೀರಿಗೇ ಬೇಡಿಕೆ. ಅನ್ನದ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಾಕು.

ಛೋಟಿ ಆಪಾಳದ್ದು ಕಪ್ಪು ಖಾರ. ಚನ್ನರಾಯಪಟ್ಟಣ ನಮ್ಮ ಜಿಲ್ಲೆಯ ಒಣ ಭಾಗ. ಹೊಲದಲ್ಲಿ ರಾಗಿ, ತೋಟದಲ್ಲಿ ತೆಂಗು. ರಾಗಿಯ ಸಾಲಿನ ನಡುವೆ ಹುಚ್ಚೆಳ್ಳು ಚೆಲ್ಲುವ ಪದ್ಧತಿ ಅಲ್ಲಿಯದು. ಹುಚ್ಚೆಳ್ಳನ್ನು ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಒಂದು ಹಿಡಿ ಕೊಬ್ಬರಿ ಸೇರಿಸಿ ಕುಟ್ಟಿದ ಪುಡಿ ಅವಳ ಡಬ್ಬಿಯಲ್ಲಿರುತ್ತದೆ. ನೋಡಲು ಮಸಿಯಂತೆ. ಮೊದಲ ಸಲ ನೋಡಿದವರು ಕೈ ಹಿಂದೆ ತೆಗೆಯುತ್ತಾರೆ, ಎರಡನೆಯ ಸಲ ಡಬ್ಬಿಯನ್ನೇ ಎಳೆದುಕೊಳ್ಳುತ್ತಾರೆ. ಅವಳ ಬೀದಿಯಲ್ಲಿ ಎರಡು ಜೈನರ ಮನೆಗಳಿವೆ. ಶ್ರವಣಬೆಳಗೊಳ ಅದೇ ತಾಲ್ಲೂಕು. ಅವರು ಬೆಳ್ಳುಳ್ಳಿ ಮುಟ್ಟುವುದಿಲ್ಲ. ಛೋಟಿ ಆಪಾ ಪುಡಿ ಕುಟ್ಟುವ ದಿನ ಮೊದಲು ಒರಳು ತೊಳೆದು ಬೆಳ್ಳುಳ್ಳಿಯಿಲ್ಲದ ಪಾಲನ್ನು ಕುಟ್ಟಿ ಬೇರೆ ಡಬ್ಬಿಗೆ ತುಂಬಿಟ್ಟು, ಆಮೇಲೆ ನಮ್ಮದಕ್ಕೆ ಕೈ ಹಾಕುತ್ತಾಳೆ. ಯಾಕೆ ತಿನ್ನುವುದಿಲ್ಲ ಎಂದು ಅವಳು ಇದುವರೆಗೆ ಕೇಳಿದ್ದಿಲ್ಲ. ಅವರ ಮನೆಯಿಂದ ಬೇಸಿಗೆಯಲ್ಲಿ ಬಾಳಕದ ಮೆಣಸಿನಕಾಯಿ ಬರುತ್ತದೆ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿ ಮಾಡಿದ್ದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ನಾಲ್ವರ ಖಾರವನ್ನು ಹೀಗೆ ಸಾಲಾಗಿಟ್ಟು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ನಾವು ನಮ್ಮ ಇಷ್ಟ ಎಂದು ಹೇಳಿಕೊಳ್ಳುವುದರಲ್ಲಿ ಬಹುಪಾಲು ಊರಿನ ಮಳೆಯದ್ದು, ಮಣ್ಣಿನದ್ದು. ನೀರಿದ್ದ ಕಡೆ ಹಸಿರು, ಒಣ ಸೀಮೆಯಲ್ಲಿ ಕಪ್ಪು, ಬೇಲಿಯಲ್ಲಿ ತಾನಾಗಿ ಬೆಳೆದ ಕಡೆ ಭರಣಿ, ಎಲ್ಲವನ್ನೂ ಕೊಂಡು ತಿನ್ನುವ ಹಾಸನದ ಪೇಟೆಯಲ್ಲಿ ಕೆಂಪು. ಉಳಿದ ಪಾಲು ಜೇಬಿನದ್ದು. ಅಬ್ಬಾ ಸೈಕಲ್ ರಿಪೇರಿಯ ಅಂಗಡಿ ಇಟ್ಟಿದ್ದರು. ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ತರಕಾರಿಯ ಮಾತಿರುತ್ತಿರಲಿಲ್ಲ. ಅಕ್ಕಿರೊಟ್ಟಿ, ಖಾರ, ಒಂದು ಲೋಟ ನೀರು. ಖಾರ ಜೋರಾಗಿದ್ದಷ್ಟೂ ಒಂದು ಚೂರಿಗೆ ಹೆಚ್ಚು ರೊಟ್ಟಿ ಇಳಿಯುತ್ತದೆ. ಐದು ಮಕ್ಕಳ ತಾಯಿ ಕಂಡುಕೊಂಡ ಲೆಕ್ಕ ಅದು. ಪ್ರವಾದಿಯವರು ಒಮ್ಮೆ ಮನೆಯವರನ್ನು ರೊಟ್ಟಿಗೆ ನಂಜಿಕೊಳ್ಳಲು ಏನಿದೆ ಎಂದು ಕೇಳಿದಾಗ ವಿನೆಗರ್ ಬಿಟ್ಟು ಬೇರೇನೂ ಇರಲಿಲ್ಲವಂತೆ. ಅದನ್ನೇ ತರಿಸಿಕೊಂಡು, ಇದು ಎಷ್ಟು ಒಳ್ಳೆಯ ವ್ಯಂಜನ ಎಂದು ಹೊಗಳುತ್ತ ಉಂಡರೆಂದು ಹಝ್ರತ್ ಜಾಬಿರ್ ಹೇಳಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಬ್ಬಾ ಈ ಹದೀಸನ್ನು ತಿಂಗಳ ಕೊನೆಯ ವಾರದಲ್ಲೇ ಹೇಳುತ್ತಿದ್ದರು. ಯಾಕೆಂದು ನಮಗೆ ಆಗ ತಿಳಿಯುತ್ತಿರಲಿಲ್ಲ.

ವಿನೆಗರ್ ಎಂದಾಗ ನಮ್ಮ ಸೋದರಳಿಯನ ಮಾತು ಹೇಳಬೇಕು. ಬಡೀ ಆಪಾಳ ಮಗ ದಮಾಮ್‌ನಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬಂದಾಗ ಬಗೆಬಗೆಯ ಖಾರದ ಸೀಸೆಗಳನ್ನು ತರುತ್ತಾನೆ. ಅರಬರು ಶತ್ತಾ ಎನ್ನುವ ಕೆಂಪು ದ್ರವ, ಟ್ಯುನೀಷಿಯಾದ ಹರೀಸಾ, ಥಾಯ್ಲೆಂಡಿನ ಒಂದು ಊರಿನ ಹೆಸರು ಹೊತ್ತ ಶ್ರೀರಾಚಾ, ಅಮೆರಿಕದ ಟಬಾಸ್ಕೊ. ಈ ಟಬಾಸ್ಕೊವನ್ನು ಲೂಸಿಯಾನಾ ರಾಜ್ಯದಲ್ಲಿ 1868ರಿಂದ ಮಾಡುತ್ತಿದ್ದಾರಂತೆ. ಮೆಣಸಿನಕಾಯಿಯನ್ನು ಅರೆದು ಉಪ್ಪಿನೊಂದಿಗೆ ಮರದ ಪೀಪಾಯಿಯಲ್ಲಿ ಹುಳಿಯಲು ಬಿಟ್ಟು ಆಮೇಲೆ ವಿನೆಗರ್ ಸೇರಿಸುವುದು. ಮಂಜ್ಲಿ ಆಪಾ ಒಂದು ಹನಿ ನೆಕ್ಕಿ ನೋಡಿ, 'ಇದು ನಮ್ಮ ಭರಣಿಯ ನೀರೇ ಅಲ್ಲವೇನೋ, ಇದಕ್ಕೆ ವಿಮಾನದಲ್ಲಿ ಬರಬೇಕಿತ್ತಾ' ಎಂದಳು. ಹರೀಸಾ ಎಂಬ ಹೆಸರು ಮಾತ್ರ ಅಮ್ಮಿಗೆ ಹಿಡಿಸಿತು. ಅರಬಿಯಲ್ಲಿ ಅದು ಕುಟ್ಟು, ಜಜ್ಜು ಎಂಬರ್ಥದ ಧಾತುವಿನಿಂದ ಬಂದ ಪದ. ಹಲೀಮ್‌ನ ಹಿರಿಯನಾದ ಗೋಧಿ ಮಾಂಸದ ಹರೀಸ್ ಕೂಡ ಅದೇ ಧಾತುವಿನದು. 2022ರಲ್ಲಿ ಯುನೆಸ್ಕೊ ಟ್ಯುನೀಷಿಯಾದ ಹರೀಸಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 'ಕುಟ್ಟಿದ್ದಕ್ಕೆ ಅಷ್ಟು ಮರ್ಯಾದೆಯಾ? ಹಾಗಾದರೆ ನನ್ನ ಅತ್ತೆಗೂ ಸಿಗಬೇಕಿತ್ತು' ಎಂದಳು ಬಡೀ ಆಪಾ.

ಹೀಗೆ ಎಲ್ಲರೂ ತಮ್ಮದೇ ಎಂದುಕೊಳ್ಳುವ ಈ ಮೆಣಸಿನಕಾಯಿ ನಮ್ಮ ಯಾರ ಊರಿನದೂ ಅಲ್ಲ. ಅದರ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೆ ಮುಂಚೆ ಈ ನಾಡಿನಲ್ಲಿ ಖಾರ ಎಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸದಾಗಿ ಬಂದ ಕಾಯಿಗೆ ಕನ್ನಡದವರು ಹೊಸ ಹೆಸರು ಹುಡುಕಲಿಲ್ಲ. ಮನೆಯಲ್ಲೇ ಇದ್ದ ಮೆಣಸಿನ ಹೆಸರನ್ನು ಕೊಟ್ಟು ಮೆಣಸಿನಕಾಯಿ ಎಂದರು. ನಮ್ಮ ದಖನಿಯ ಮಿರ್ಚಿಯೂ ಹಾಗೆಯೇ, ಕಾಳುಮೆಣಸಿನ ಹಳೆಯ ಹೆಸರಾದ ಮರೀಚದಿಂದ ಬಂದದ್ದು. ಮನೆಗೆ ಬಂದವನಿಗೆ ಮನೆಯ ಹೆಸರನ್ನೇ ಕೊಟ್ಟರೆ ನಾಲ್ಕು ತಲೆಮಾರಿನ ಹೊತ್ತಿಗೆ ಅವನು ಬಂದವನೆಂಬುದೇ ಯಾರಿಗೂ ನೆನಪಿರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಮಗೆ ಖಾರದ ವಿಷಯದಲ್ಲಿ ಒಂದು ಕೆಟ್ಟ ಜಂಬವಿತ್ತು. ಯಾರು ಹೆಚ್ಚು ಖಾರ ತಿನ್ನುತ್ತಾರೋ ಅವರು ಗಟ್ಟಿಗರು ಎಂಬುದು ಮನೆಯ ಕಾನೂನು. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರವನ್ನು ಅಳೆಯಲು ಒಂದು ದಾರಿ ಹುಡುಕಿದ. ಮೆಣಸಿನಕಾಯಿಯ ಸತ್ವವನ್ನು ಸಕ್ಕರೆ ನೀರಿನಲ್ಲಿ ಕರಗಿಸುತ್ತ ಹೋಗುವುದು, ನೆಕ್ಕುವವರಿಗೆ ಖಾರ ಗೊತ್ತಾಗದ ಹಂತ ಬರಲು ಎಷ್ಟು ಪಟ್ಟು ನೀರು ಬೇಕಾಯಿತೋ ಅದೇ ಅದರ ಅಳತೆ. ನಮ್ಮ ಮನೆಯ ಅಳತೆ ಇನ್ನೂ ಸುಲಭದ್ದು. ಕಣ್ಣಲ್ಲಿ ನೀರು ಬಂದವನು ಸೋತ, ನೀರಿಗೆ ಕೈ ಚಾಚಿದವನು ಎರಡು ಸಲ ಸೋತ. ನೀರಿನಿಂದ ಪ್ರಯೋಜನವೂ ಇಲ್ಲ. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅಮ್ಮಿ ಸೋತವರ ಕೈಗೆ ಮೊಸರಿನ ಬಟ್ಟಲು ಕೊಡುತ್ತಿದ್ದುದು ಸರಿಯಾಗಿಯೇ ಇತ್ತು. ಖಾರ ಎನ್ನುವುದು ಸಿಹಿ ಹುಳಿಯ ಹಾಗೆ ರುಚಿಯೇ ಅಲ್ಲವಂತೆ. ಬಾಯಿ ಸುಟ್ಟಾಗ ಮಿದುಳಿಗೆ ಸುದ್ದಿ ಮುಟ್ಟಿಸುವ ಯಾವ ನರದ ತುದಿಗಳಿವೆಯೋ ಅವನ್ನೇ ಮೆಣಸಿನಕಾಯಿ ಮೀಟುತ್ತದೆ. ಈ ಗುಟ್ಟನ್ನು 1997ರಲ್ಲಿ ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎಂದರೆ ಖಾರ ಒಂದು ನೋವು. ಅಪಾಯವಿಲ್ಲದ ನೋವು ಎಂದು ಗೊತ್ತಿರುವುದರಿಂದ ನಾವು ಅದನ್ನು ಸವಿಯಲು ಕಲಿತಿದ್ದೇವೆ. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರೆ.

ಹಾಗೆ ಕಲಿತವರಲ್ಲಿ ನಮ್ಮೆಲ್ಲರನ್ನೂ ಮೀರಿಸಿದವನು ಛೋಟು. ಐದನೆಯ ವಯಸ್ಸಿಗೇ ಅಬ್ಬಾನ ತಟ್ಟೆಯಿಂದ ಖಾರ ಕದಿಯುತ್ತಿದ್ದ. ಮಂಜ್ಲಿ ಆಪಾಳ ಭರಣಿಯ ಕಾಯಿಯನ್ನು ಹಾಗೆಯೇ ಅಗಿದು ನಗುತ್ತಿದ್ದವನು ಅವನೊಬ್ಬನೇ. ದೊಡ್ಡವನಾದ ಮೇಲೆ ಸರಕು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ, ಬಹುಪಾಲು ರಾತ್ರಿ ಪ್ರಯಾಣ. 2017ರ ರಮ್ಜಾನಿನಲ್ಲಿ ಒಂದು ದಿನ ಇಫ್ತಾರಿನ ಹೊತ್ತಿಗೆ ಅಮ್ಮಿ ಅವನ ತಟ್ಟೆಗೆ ಖಾರ ಹಾಕಲು ಹೋದರೆ ಕೈ ಅಡ್ಡ ಹಿಡಿದ. 'ನಕ್ಕೋ ಅಮ್ಮಿ, ಮೂ ಜಲ್ರಾ' ಎಂದ. ಬೇಡ, ಬಾಯಿ ಉರಿಯುತ್ತಿದೆ ಎಂದು.

ನಾವು ನಕ್ಕೆವು. ಅದನ್ನು ಬಚ್ಚಿಡುವುದಿಲ್ಲ. ಭಾಯಿ ಅವನಿಗೆ ಗೊಂಬೆ ಎಂದ. ಹುಡುಗಿ ನೋಡಲು ಶುರು ಮಾಡಿದ ಮೇಲೆ ನಾಜೂಕಾಗಿದ್ದಾನೆ ಎಂದಳು ಬಡೀ ಆಪಾ. ಆ ಈದ್‌ಗೆ ಅವನು ಶೀರ್‌ಖುರ್ಮಾ ಬಿಟ್ಟು ಬೇರೇನನ್ನೂ ಸರಿಯಾಗಿ ಮುಟ್ಟಲಿಲ್ಲ. ಮನೆಗೆ ಬಂದವರ ಮುಂದೆಲ್ಲ ನಾವು ಇದನ್ನೇ ತಮಾಷೆ ಮಾಡಿದೆವು. ಖಾರ ತಿನ್ನದ ಗಂಡಸು ಎಂಬ ಮಾತು ಎಷ್ಟು ಸಲ ಬಂದಿತೋ ಲೆಕ್ಕವಿಲ್ಲ. ಅವನು ಮರುಮಾತಾಡದೆ ಅನ್ನಕ್ಕೆ ಮೊಸರು ಕಲಸಿಕೊಂಡು ಎದ್ದುಹೋಗುತ್ತಿದ್ದ. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

2018ರ ಬಕ್ರೀದ್‌ನಲ್ಲಿ ಛೋಟು ಬಿರಿಯಾನಿಯ ತುತ್ತನ್ನು ಬಾಯಿಗಿಡಲು ಹೆಣಗುತ್ತಿದ್ದುದನ್ನು ಕಂಡವಳು ಛೋಟಿ ಆಪಾ. ತುತ್ತು ಚಿಕ್ಕದಾಗಿತ್ತು, ಆದರೂ ಬಾಯಿ ಅಷ್ಟು ತೆರೆಯುತ್ತಿರಲಿಲ್ಲ. ಅವಳು ಅವನನ್ನು ಅಡುಗೆಮನೆಗೆ ಕರೆದು ಬಾಯಿ ತೆಗೆಯಲು ಹೇಳಿದಳು. ಎರಡು ಬೆರಳು ಹೋಗುವಷ್ಟೂ ಕಷ್ಟ. ಮರುವಾರವೇ ಹಾಸನದಲ್ಲಿ ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ಕೆನ್ನೆಯ ಒಳಗಿನ ಮೆತ್ತನೆಯ ಪದರ ಬಿಳಿಚಿಕೊಂಡು ಹಗ್ಗದಂತೆ ಬಿಗಿದಿತ್ತು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಅದರ ಹೆಸರು ಬರೆದುಕೊಟ್ಟರು. ಏನು ಅಗಿಯುತ್ತೀಯ ಎಂದು ಕೇಳಿದರು. ಛೋಟು ಅಮ್ಮಿಯ ಮುಖ ನೋಡಿ ತಲೆ ತಗ್ಗಿಸಿದ.

ರಾತ್ರಿ ಗಾಡಿ ಓಡಿಸುವಾಗ ನಿದ್ದೆ ಬಾರದಿರಲೆಂದು ಶುರುವಾದದ್ದು ದಿನಕ್ಕೆ ಹತ್ತು ಹದಿನೈದು ಪೊಟ್ಟಣಕ್ಕೆ ಬಂದಿತ್ತು. ಕರ್ನಾಟಕದಲ್ಲಿ ಗುಟ್ಕಾ ಮಾರುವುದನ್ನು 2013ರಲ್ಲಿ ನಿಷೇಧಿಸಲಾಯಿತು. ಆದರೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಸಿಕ್ಕಿದರೆ ಕೊಂಡವನು ತಾನೇ ಬೆರೆಸಿಕೊಳ್ಳುತ್ತಾನೆ. ಛೋಟು ತಂಬಾಕು ಬೆರೆಸುತ್ತಿರಲಿಲ್ಲ. ಬರೀ ಅಡಿಕೆ ತಾನೇ, ನಮ್ಮ ಅಜ್ಜಿಯರೂ ಪಾನ್‌ದಾನ್ ಇಟ್ಟುಕೊಂಡಿದ್ದರಲ್ಲ ಎಂದು ಧೈರ್ಯದಲ್ಲಿದ್ದ. ತಂಬಾಕು ಬೆರೆಯದಿದ್ದರೂ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2003ರಲ್ಲೇ ವರ್ಗೀಕರಿಸಿದ್ದರು. ತೋಟವಿರುವ ನೆಂಟರ ಮುಂದೆ ಈ ಮಾತು ಹೇಳುವುದು ನಮಗೂ ಸುಲಭವಲ್ಲ. ಆದರೆ ಕೆನ್ನೆ ಬಿಗಿಯುವ ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆ ಅಗಿಯುವುದೇ ಎಂಬುದರಲ್ಲಿ ವೈದ್ಯರಿಗೆ ಸಂಶಯವಿಲ್ಲ. ಹಾಗೆ ಬಿಗಿದ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುವ ಅಪಾಯ ಇತರರಿಗಿಂತ ಹೆಚ್ಚು.

ಅಮ್ಮಿ ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. ಏಳುವ ಮೊದಲು ಒಂದೇ ಪ್ರಶ್ನೆ ಕೇಳಿದರು. 'ಚಿಕ್ಕಂದಿನಿಂದ ನಾನು ಖಾರ ತಿನ್ನಿಸಿದ್ದಕ್ಕೇ ಹಿಂಗಾಯ್ತಾ ಡಾಕ್ಟ್ರೇ?'

ಅದು ತಾಯಿಯ ಅಳುಕು ಮಾತ್ರವಾಗಿರಲಿಲ್ಲ. ಈ ಕಾಯಿಲೆಯನ್ನು 1952ರಲ್ಲಿ ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ ಮೊದಲು ಗುರುತಿಸಿ ಬರೆದ ಮೇಲೆ, ಮೆಣಸಿನಕಾಯಿಯೇ ಇದಕ್ಕೆ ಕಾರಣವಿರಬಹುದೇ ಎಂದು ವೈದ್ಯರೂ ಸಂಶಯಪಟ್ಟ ಕಾಲವಿತ್ತು. ನಂತರ ನಡೆದ ಅಧ್ಯಯನಗಳು ಅಡಿಕೆಯತ್ತ ಬೊಟ್ಟು ಮಾಡಿದವು. ಡಾಕ್ಟರು ಅಮ್ಮಿಯ ಕೈ ಹಿಡಿದು ಹೇಳಿದರು: 'ಇಲ್ಲಮ್ಮ, ನಿಮ್ಮ ಖಾರ ಏನೂ ಮಾಡಿಲ್ಲ. ಖಾರ ತಿನ್ನೋ ಮನೆ ಆಗಿದ್ದಕ್ಕೇ ಇವನಿಗೆ ಬೇಗ ಗೊತ್ತಾಗಿದ್ದು. ಈ ಕಾಯಿಲೆ ಮೊದಲು ತೋರಿಸಿಕೊಳ್ಳೋದೇ ಹಂಗೆ, ಖಾರ ತಡೆಯೋಕಾಗಲ್ಲ. ನೀವು ಆವಾಗಲೇ ಬರಬೇಕಿತ್ತು.'

ಆವಾಗಲೇ ಎಂಬ ಮಾತು ನಮ್ಮನ್ನು ಮನೆಯವರೆಗೂ ಬಿಡಲಿಲ್ಲ. ಅಮ್ಮಿಯ ಖಾರ ತನ್ನ ಕೆಲಸ ಮಾಡಿತ್ತು. ಮನೆಯಲ್ಲಿ ಅತಿ ಹೆಚ್ಚು ಖಾರ ತಿನ್ನುತ್ತಿದ್ದ ಹುಡುಗನ ಬಾಯಿಯಲ್ಲಿ ಏನೋ ಸರಿಯಿಲ್ಲ ಎಂದು ಒಂದು ವರ್ಷ ಮೊದಲೇ ಕೂಗಿ ಹೇಳಿತ್ತು. ಕೇಳಿಸಿಕೊಳ್ಳಬೇಕಾದವರು ನಗುತ್ತಿದ್ದೆವು. ಆ ರಾತ್ರಿ ಛೋಟಿ ಆಪಾ ಹೇಳಿದ ಮಾತು ನಮಗೆ ಈಗಲೂ ಚುಚ್ಚುತ್ತದೆ. ಜೈನರ ಮನೆಯವರು ಬೆಳ್ಳುಳ್ಳಿ ಬೇಡವೆಂದಾಗ ಕಾರಣ ಕೇಳದೆ ಬೇರೆ ಕುಟ್ಟಿಕೊಟ್ಟೆ, ತಮ್ಮ ಖಾರ ಬೇಡವೆಂದಾಗ ಕಾರಣ ಕೇಳದೆ ನಕ್ಕೆ ಎಂದಳು. ಎರಡೂ ಕಡೆ ಅವಳು ಕಾರಣ ಕೇಳಿರಲಿಲ್ಲ. ಒಂದು ಕಡೆ ಅದು ಮರ್ಯಾದೆಯಾಗಿತ್ತು, ಇನ್ನೊಂದು ಕಡೆ ಅಸಡ್ಡೆಯಾಯಿತು. ಪ್ರವಾದಿಯವರು ಊಟವನ್ನು ಎಂದೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂದು ಅಬೂ ಹುರೈರಾ ಹೇಳಿದ ಹದೀಸ್ ನಮಗೆ ಬಾಯಿಪಾಠ. ಊಟವನ್ನು ಹಳಿಯಬಾರದೆಂದು ಕಲಿತಿದ್ದೆವು, ತಿನ್ನದೆ ಬಿಟ್ಟವನನ್ನು ಹಳಿಯಬಾರದೆಂದು ಕಲಿತಿರಲಿಲ್ಲ.

ಛೋಟು ಅಡಿಕೆ ಬಿಟ್ಟ. ಒಂದೇ ಸಲಕ್ಕೆ ಆಗಲಿಲ್ಲ, ಎರಡು ತಿಂಗಳಿಗೆ ಮತ್ತೆ ಹಿಡಿದು ಮತ್ತೆ ಬಿಟ್ಟ. ರಾತ್ರಿ ಗಾಡಿ ಬಿಟ್ಟು ಹಗಲಿನ ಬಾಡಿಗೆ ಮಾತ್ರ ಒಪ್ಪಿಕೊಂಡ. ಕೆನ್ನೆಗೆ ವಾರಕ್ಕೊಮ್ಮೆ ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಹೇಳಿಕೊಟ್ಟರು. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳುವುದು, ದಿನ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುವುದು. ಹನ್ನೆರಡು ಕಡ್ಡಿಯಿಂದ ಶುರುವಾಗಿ ಈಗ ಹದಿನೇಳಕ್ಕೆ ಬಂದಿದೆ. ಕೆನ್ನೆ ಪೂರ್ತಿ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆರು ತಿಂಗಳಿಗೊಮ್ಮೆ ತೋರಿಸಬೇಕು. ತೋರಿಸಲು ಹೋಗುವ ದಿನ ನಮ್ಮ ನಾಲ್ಕೂ ಊರಿನಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಇದುವರೆಗೆ ಏನೂ ಇಲ್ಲ, ಅಲ್‌ಹಮ್ದುಲಿಲ್ಲಾಹ್.

ನಮ್ಮ ದಸ್ತರ್‌ಖಾನಿನಲ್ಲಿ ಈಗ ಐದನೆಯ ಬಟ್ಟಲೊಂದು ಬಂದಿದೆ. ಅದು ಬಿಳಿ. ಕೊಬ್ಬರಿಯನ್ನು ಹುರಿಯದೆ ಅರೆದು, ಗಟ್ಟಿ ಮೊಸರು, ಉಪ್ಪು, ಚಿಟಿಕೆ ಜೀರಿಗೆ ಹಾಕಿದ್ದು. ಮೆಣಸಿನಕಾಯಿಯ ಸೋಂಕಿಲ್ಲ. ಅಮ್ಮಿ ಅದನ್ನು ಸಿಲ್ ತೊಳೆದು ಮೊದಲು ಅರೆಯುತ್ತಾರೆ, ಕೆಂಪು ಖಾರದ ಸರದಿ ಆಮೇಲೆ. ಇದೂ ಖಾರವೇ ಎಂದು ಅವರು ಹೇಳುವಾಗ ಮೊದಮೊದಲು ನಮಗೆ ನಗು ಬರುತ್ತಿತ್ತು. ಈಗ ಮಕ್ಕಳೆಲ್ಲ ಅದನ್ನು ಬಿಳಿ ಖಾರ ಎಂದೇ ಕರೆಯುತ್ತಾರೆ. ಸೀಸೆಯ ಸಾಸ್ ಹಿಂಡಿಕೊಂಡು ಒಬ್ಬರನ್ನೊಬ್ಬರು ಪಂದ್ಯಕ್ಕೆ ಕರೆಯುವ ಮಕ್ಕಳಿಗೂ ಉರಿ ತಾಳದಾದಾಗ ಬೇಕಾಗುವುದು ಅದೇ ಬಟ್ಟಲು. ಯಾರೂ ಸೋತವರೆಂದು ಬರೆದುಕೊಳ್ಳುವುದಿಲ್ಲ.

ಖಾರದ ಪೈಪೋಟಿ ನಿಂತಿಲ್ಲ. ಹೊಳೆನರಸೀಪುರದ್ದು ಹೆಚ್ಚೋ ಚನ್ನರಾಯಪಟ್ಟಣದ್ದು ಹೆಚ್ಚೋ ಎಂಬ ಜಗಳ ನಾವಿರುವವರೆಗೂ ತೀರುವಂಥದ್ದಲ್ಲ. ಆದರೆ ಈ ಬರಹ 'ನಮ್ಮ ಖಾರವೇ ಮೇಲು' ಎಂದು ಹೇಳಲು ಬರೆದದ್ದಲ್ಲವಾದ್ದರಿಂದ ಓದುಗರಲ್ಲಿ ಒಂದು ಕೋರಿಕೆಯಿಟ್ಟು ಮುಗಿಸುತ್ತೇವೆ. ನಿಮ್ಮ ಮನೆಯಲ್ಲಿ ಖಾರ ತಿನ್ನುತ್ತಿದ್ದವರು ಯಾರಾದರೂ ಇದ್ದಕ್ಕಿದ್ದಂತೆ ಬೇಡವೆಂದರೆ ನಗಬೇಡಿ. ಬೆಳಕಿಗೆ ಕರೆದು ಬಾಯಿ ತೆಗೆಯಲು ಹೇಳಿ. ಅವರದೇ ಮೂರು ಬೆರಳುಗಳನ್ನು ನಿಲ್ಲಿಸಿ ಹಲ್ಲುಗಳ ನಡುವೆ ಇಡಿಸಿ ನೋಡಿ. ಮೂರೂ ಹೋದರೆ ಸಮಾಧಾನ. ಹೋಗದಿದ್ದರೆ ಮಾರನೆಯ ದಿನವೇ ಡಾಕ್ಟರ ಬಳಿಗೆ ಹೊರಡಿ. ಛೋಟುವಿಗೆ ಈಗ ಎರಡೂವರೆ ಬೆರಳು ಹೋಗುತ್ತದೆ. ಕಳೆದ ಈದ್‌ಗೆ ಅವನು ಮಂಜ್ಲಿ ಆಪಾಳ ಭರಣಿಯಿಂದ ಒಂದೇ ಒಂದು ಹನಿಯನ್ನು ಬಿಳಿ ಖಾರಕ್ಕೆ ಬೆರೆಸಿ ಬಾಯಿಗಿಟ್ಟುಕೊಂಡ. ನಾವು ನಾಲ್ವರೂ ಉಣ್ಣುವುದನ್ನು ಬಿಟ್ಟು ಅವನ ಮುಖ ನೋಡುತ್ತ ಕುಳಿತಿದ್ದೆವು. 'ಉರಿಯುತ್ತಾ?' ಎಂದು ಅಮ್ಮಿ ಕೇಳಿದರು. 'ಸ್ವಲ್ಪ' ಎಂದು ಹೇಳಿ ಅವನು ಇನ್ನೊಂದು ರೊಟ್ಟಿಗೆ ಕೈ ಚಾಚಿದ.